ಸಬ್‌ಟೈಟಲ್‌ಗೆ ಟೈಟಲ್ ಕ್ಲಿಪ್ ಬೇಡ, ಕ್ಯಾಪ್ಷನ್ ಟ್ರ್ಯಾಕ್ ಬಳಸಿ

ಪ್ರಶ್ನೆ: 20 ನಿಮಿಷದ ಸಂದರ್ಶನದ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಹಾಕುತ್ತಿದ್ದೇನೆ. ಮಾತುಗಳನ್ನೆಲ್ಲ ಒಂದು ಕಡತದಲ್ಲಿ ಟೈಪ್ ಮಾಡಿಟ್ಟುಕೊಂಡು, ಪ್ರತಿ ಸಾಲಿಗೂ ಬೇರೆ ಟೈಟಲ್ ಕ್ಲಿಪ್ ಮಾಡಿ ಅಂಟಿಸಿದ್ದೇನೆ. ಈಗ ಅಕ್ಷರ ಚಿಕ್ಕದಾಯಿತು ಎನಿಸುತ್ತಿದೆ. ಬದಲಿಸಲು ನೂರಾರು ಕ್ಲಿಪ್ ತೆರೆಯಬೇಕು. ಕೆಲವೆಡೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಸುಲಭದ ದಾರಿ ಇದೆಯೇ?

ಉತ್ತರ: ಇದೆ, ಆದರೆ ಆ ಟೈಟಲ್ ಕ್ಲಿಪ್‌ಗಳನ್ನು ಕೈಬಿಡಬೇಕು. ಬೇಸರವಾಗುತ್ತದೆ, ಗೊತ್ತು. ಆದರೂ ನೂರಾರು ಕ್ಲಿಪ್‌ಗಳನ್ನು ತಿದ್ದುವುದಕ್ಕಿಂತ ಹೊಸದಾಗಿ ಮಾಡುವುದೇ ಬೇಗ ಮುಗಿಯುತ್ತದೆ. ಮಾತುಗಳ ಕಡತ ನಿಮ್ಮಲ್ಲಿರುವುದರಿಂದ ಅರ್ಧ ಕೆಲಸ ಆಗಿಯೇ ಹೋಗಿದೆ.

ಟೈಟಲ್ ಕ್ಲಿಪ್‌ನಲ್ಲಿ ಮಾತು, ಸಮಯ, ಅಲಂಕಾರ ಮೂರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್ ಎಂಬ ಎರಡೂ ಎಡಿಟಿಂಗ್ ತಂತ್ರಾಂಶಗಳಲ್ಲಿ ಸಬ್‌ಟೈಟಲ್‌ಗೆಂದೇ ಪ್ರತ್ಯೇಕ ಟ್ರ್ಯಾಕ್ ಇದೆ; ಅದೇ ಕ್ಯಾಪ್ಷನ್ ಟ್ರ್ಯಾಕ್. ಅಲ್ಲಿ ಫಾಂಟ್, ಗಾತ್ರ, ಬಣ್ಣ, ಸ್ಥಾನಗಳನ್ನು ಇಡೀ ಟ್ರ್ಯಾಕ್‌ಗೆ ಒಮ್ಮೆ ನಿಗದಿ ಮಾಡಿದರೆ ಸಾಕು. ಗಾತ್ರ ಬದಲಿಸಿದ ಕೂಡಲೇ ಎಲ್ಲ ಸಾಲುಗಳೂ ಬದಲಾಗುತ್ತವೆ.

ಎಡಿಟಿಂಗ್ ಅಂತಿಮವಾದ ಮೇಲೆಯೇ ಸಬ್‌ಟೈಟಲ್‌ಗೆ ಕೈಹಾಕಿ. ನಡುವೆ ಎರಡು ಸೆಕೆಂಡ್ ಕತ್ತರಿಸಿದರೂ ಮುಂದಿನ ಸಾಲುಗಳೆಲ್ಲ ಜಾರಿಹೋಗಬಹುದು. ನಿಮ್ಮ ಕಡತವನ್ನು ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶಕ್ಕೆ ಸೇರಿಸಿ, ಧ್ವನಿ ಕೇಳುತ್ತಾ ಪ್ರತಿ ಸಾಲಿನ ಆರಂಭ, ಅಂತ್ಯಗಳನ್ನು ಕೀಬೋರ್ಡ್‌ನಿಂದಲೇ ಗುರುತಿಸಿ. ಆಮೇಲೆ ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಕಡತವಾಗಿ ಉಳಿಸಿ ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನ್‌ಗೆ ತನ್ನಿ. ಉಳಿಸುವಾಗ ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ಎಂಬ ಎನ್‌ಕೋಡಿಂಗ್ ಆರಿಸಿ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ; ಇಲ್ಲದಿದ್ದರೆ ತೆರೆಯ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ.

ಸಮಯಕ್ಕೆ ನೆಟ್‌ಫ್ಲಿಕ್ಸ್‌ನ ಸಾಮಾನ್ಯ ನಿಯಮ ಒಳ್ಳೆಯ ಅಳತೆ: ಒಮ್ಮೆಗೆ ಹೆಚ್ಚೆಂದರೆ 2 ಸಾಲು, ಗರಿಷ್ಠ 7 ಸೆಕೆಂಡ್. ಸಾಲನ್ನು ಎಲ್ಲಿ ಮುರಿಯಬೇಕು ಎಂಬುದಕ್ಕೆ ಅಕ್ಷರಗಳ ಎಣಿಕೆಗಿಂತ ಅರ್ಥವೇ ಮುಖ್ಯ. ‘ಹಳೆಯ’ ಮೇಲಿನ ಸಾಲಿನಲ್ಲಿ, ‘ಮನೆ’ ಕೆಳಗಿನ ಸಾಲಿನಲ್ಲಿ ಬಂದರೆ ನೋಡುಗರ ಕಣ್ಣು ಎಡವುತ್ತದೆ.

ಇನ್ನು ಒತ್ತಕ್ಷರದ ವಿಷಯ. ಬಹುತೇಕ ಸಿದ್ಧ ಶೈಲಿಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಮ್ಮ ಲಿಪಿ ಕೆಳಗೂ ಜಾಗ ಕೇಳುತ್ತದೆ, ಅದನ್ನು ಕೊಡಲೇಬೇಕು. ಟ್ರ್ಯಾಕ್ ಶೈಲಿಯಲ್ಲಿ ಸಾಲುಗಳ ನಡುವಿನ ಅಂತರ ಹೆಚ್ಚಿಸಿ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ, ಸ್ವಾತಂತ್ರ್ಯ’, ಕೆಳಗೆ ‘ಕೀರ್ತಿ, ನೀತಿ’ ಎಂದು ಬರೆದು ಪರೀಕ್ಷಿಸಿ. ಅಲ್ಲಿ ತಾಗದಿದ್ದರೆ ಬೇರೆಲ್ಲೂ ತಾಗುವ ಭಯವಿಲ್ಲ. ಪ್ರೀಮಿಯರ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ, ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗಾಗಿ ಇರುವ ಆಯ್ಕೆಯನ್ನು ಆರಿಸಿ.

ಅಕ್ಷರಗಳಿಗೆ ದಪ್ಪ ಕಪ್ಪು ಅಂಚು ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕನ್ನಡದ ದುಂಡು ಅಕ್ಷರಗಳ ಒಳಜಾಗ ಅದರಿಂದ ತುಂಬಿಹೋಗಿ, ಚಿಕ್ಕ ಪರದೆಯಲ್ಲಿ ‘ಪ’ ಯಾವುದು, ‘ವ’ ಯಾವುದು ತಿಳಿಯುವುದಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟ್‌ನ ಮಧ್ಯಮ ದಪ್ಪದ ಬಿಳಿ ಅಕ್ಷರ, ಅದರ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ ಇದ್ದರೆ ಹಿನ್ನೆಲೆ ಯಾವುದಾದರೂ ಓದಬಹುದು. ಲಂಬ ವಿಡಿಯೊ ಆದರೆ ಪಟ್ಟಿಯನ್ನು ಇನ್ನೂ ಮೇಲಕ್ಕೆ ಎತ್ತಿ. ಕೆಳಭಾಗವನ್ನು ಆ್ಯಪ್‌ನ ಶೀರ್ಷಿಕೆ, ಗುಂಡಿಗಳು ಮುಚ್ಚುತ್ತವೆ.

ಎಸ್‌ಆರ್‌ಟಿ ಕಡತದಲ್ಲಿ ಉಳಿಯುವುದು ಮಾತು ಮತ್ತು ಸಮಯ ಮಾತ್ರ; ನಿಮ್ಮ ಫಾಂಟ್, ಪಟ್ಟಿಗಳು ಅದರೊಂದಿಗೆ ಹೋಗುವುದಿಲ್ಲ. ಆ ರೂಪವೇ ಬೇಕೆಂದಿದ್ದರೆ ಎಕ್ಸ್‌ಪೋರ್ಟ್ ಮಾಡುವಾಗ ಸಬ್‌ಟೈಟಲ್ ಅನ್ನು ಚಿತ್ರದಲ್ಲೇ ಅಚ್ಚಾಗಿಸಿ. ಯೂಟ್ಯೂಬ್‌ಗಾದರೆ ಅಚ್ಚಾಗಿಸದ ವಿಡಿಯೊದ ಜೊತೆ ಎಸ್‌ಆರ್‌ಟಿ ಕಡತವನ್ನು ಬೇರೆಯಾಗಿ ಏರಿಸಿ. ನಾಳೆ ಕಾಗುಣಿತದ ತಪ್ಪು ಸಿಕ್ಕರೆ ಆ ಕಡತವನ್ನಷ್ಟೇ ಬದಲಿಸಿದರಾಯಿತು.