ಕಾರಣ ಹೇಳದ ಕಾಗದ

(ಗುರುತು ಸಿಗದಂತೆ ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

ಮೊದಲ ದಿನ ರಘು ಪರದೆಯ ಮೇಲೆ ಬಂದಾಗ ಅವರ ಹಿಂದೆ ಒಂದು ಕಾಂಕ್ರೀಟ್ ಕಂಬ, ಕಲ್ಲಿನ ಮೇಜು, ಟ್ಯೂಬ್‌ಲೈಟ್ ಕಾಣುತ್ತಿತ್ತು. ಇಲ್ಲಿ ಸಂಜೆ ಏಳು ಗಂಟೆ, ಸಿಂಗಾಪುರದಲ್ಲಿ ರಾತ್ರಿ ಒಂಬತ್ತೂವರೆ. ಅಲ್ಲಿನ ಎಚ್‌ಡಿಬಿ, ಅಂದರೆ ಸರ್ಕಾರಿ ವಸತಿ ಕಟ್ಟಡಗಳ ಕೆಳಗೆ ಖಾಲಿ ಜಾಗ ಇರುತ್ತದೆ, ವಾಯ್ಡ್ ಡೆಕ್ ಅನ್ನುತ್ತಾರೆ. ಮನೆಯಲ್ಲಿ ಮಾತಾಡಿದರೆ ಮಗನಿಗೆ ಕೇಳಿಸುತ್ತದೆ ಅಂತ ಅಲ್ಲಿಗೆ ಇಳಿದು ಬಂದಿದ್ದರು.

"ಮೇಡಂ, ನಾಲ್ಕನೇ ಸಲ ಪಿಆರ್ ರಿಜೆಕ್ಟ್ ಆಯ್ತು. ಇದಕ್ಕೆಲ್ಲ ಕೌನ್ಸೆಲಿಂಗ್ ತಗೋತಾರಾ ಅಂತ ನನಗೇ ನಾಚಿಕೆ."

ತಗೋತಾರೆ ಅಂದೆ. ಪಿಆರ್ ಅಂದರೆ ಪರ್ಮನೆಂಟ್ ರೆಸಿಡೆನ್ಸಿ, ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ. ಮೂರು ತಿಂಗಳಿಂದ ಅವರು ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಿದ್ದರು. ಏಳು ಕೆಜಿ ಇಳಿದಿದ್ದರು. ಕೆಲಸದಲ್ಲಿ ಒಂದು ದೊಡ್ಡ ತಪ್ಪು ಆಗುವುದರಲ್ಲಿತ್ತು, ಸಹೋದ್ಯೋಗಿ ನೋಡಿ ತಡೆದರು. ಇಷ್ಟಾದ ಮೇಲೂ ನಾಚಿಕೆಯ ಮಾತು ಬಂದರೆ ನನಗೆ ಬೇಜಾರಾಗುತ್ತದೆ.

ರಘುಗೆ 39 ವರ್ಷ. ಹಾಸನದ ಕಡೆಯವರು. 2013ರಲ್ಲಿ ಸಿಂಗಾಪುರಕ್ಕೆ ಹೋದರು, ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಎಂಪ್ಲಾಯ್‌ಮೆಂಟ್ ಪಾಸ್ (ಇಪಿ) ಮೇಲಿದ್ದಾರೆ, ಅಂದರೆ ಕೆಲಸಕ್ಕೆ ಅಂಟಿದ ಪರವಾನಗಿ. ಹೆಂಡತಿ ಸ್ಮಿತಾ, ಮಗ ಡಿಪೆಂಡೆಂಟ್ಸ್ ಪಾಸ್ ಮೇಲೆ, ಅಂದರೆ ಅವರ ಅವಲಂಬಿತರಾಗಿ. ಅರ್ಜಿ ಹಾಕಿದ್ದು 2016, 2019, 2022, ಮತ್ತೆ 2024ರಲ್ಲಿ. ಪ್ರತಿ ಸಲವೂ ಕಂಪನಿಯಿಂದ ತುಂಬಿಸಬೇಕಾದ ಫಾರಂ, ಸಂಬಳದ ಚೀಟಿ, ಅಂಕಪಟ್ಟಿ, ಮದುವೆಯ ಪ್ರಮಾಣಪತ್ರ. ತಲೆಗೆ 100 ಡಾಲರ್ ಶುಲ್ಕ, ಅದು ವಾಪಸ್ ಬರುವುದಿಲ್ಲ. ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಕಾಯುವುದು. ಆಮೇಲೆ ಒಂದು ಚಿಕ್ಕ ಕಾಗದ. ಯಾಕೆ ಕೊಡಲಿಲ್ಲ ಅಂತ ಅದರಲ್ಲಿ ಇರುವುದಿಲ್ಲ.

ನನ್ನ ಪ್ರಕಾರ ರಘುವಿನ ನೋವಿನ ಬೇರು ಅಲ್ಲೇ ಇತ್ತು. ಕೆಲಸಕ್ಕೆ ತಗೊಳ್ಳದಿದ್ದರೆ ಇಂಟರ್‌ವ್ಯೂ ಸರಿಯಾಗಲಿಲ್ಲ ಅಂದುಕೊಳ್ಳಬಹುದು. ಸಾಲ ಸಿಗದಿದ್ದರೆ ಸಿಬಿಲ್ ಸ್ಕೋರ್ ನೋಡಬಹುದು. ಕಾರಣವೇ ಇಲ್ಲದ ಕಾಗದ ಕೈಗೆ ಬಂದರೆ ಆ ಖಾಲಿ ಜಾಗವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ರಘು ತುಂಬಿಕೊಂಡದ್ದೆಲ್ಲ ತಮ್ಮ ಬಗ್ಗೆಯೇ ಆಗಿತ್ತು. ನನ್ನ ಡಿಗ್ರಿ ಸಾಧಾರಣ ಕಾಲೇಜಿನದು. ನನ್ನ ಇಂಗ್ಲಿಷ್ ಸಾಲದು. ನಾನು ಯಾರ ಜೊತೆಯೂ ಬೆರೆಯುವವನಲ್ಲ. ಕೊನೆಗೆ, "ನಾನು ಬೇಡದವನು ಮೇಡಂ" ಅನ್ನುವವರೆಗೆ ಬಂದಿತ್ತು.

ಆ ಮಾತು ಬಂದ ಕೂಡಲೇ ನಾನು ನೇರವಾಗಿ ಕೇಳಿದೆ. ಬದುಕೇ ಬೇಡ ಅನ್ನಿಸಿದೆಯಾ? ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ರಘು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದೆರಡು ಸಲ, ರೈಲ್ವೇ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ" ಅಂದರು. ಈಗ ಹಾಗೇನಾದರೂ ಮಾಡಿಕೊಳ್ಳುವ ಯೋಚನೆ ಇದೆಯಾ ಅಂತಲೂ ಕೇಳಿದೆ. ಇಲ್ಲ ಅಂದರು. ಅದೇ ವಾರ ಅಲ್ಲಿನ ವೈದ್ಯರ ಹತ್ತಿರ ಹೋಗಿಬರುತ್ತೇನೆಂದು ಮಾತು ಕೊಟ್ಟರು, ಹೋದರು. ಸ್ಮಿತಾಗೂ ಅವರೇ ಹೇಳಿದರು. ಸಿಂಗಾಪುರದ ಎಸ್‌ಒಎಸ್ ಸಹಾಯವಾಣಿ 1767ನ್ನು ನನ್ನೆದುರೇ ಫೋನಿನಲ್ಲಿ ಸೇವ್ ಮಾಡಿಕೊಂಡರು. ಭಾರತದಲ್ಲಿರುವವರಿಗೆ ಟೆಲಿ ಮನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಇದು ಮೊದಲು. ಪಿಆರ್ ಮಾತು ಆಮೇಲೆ.

ಎರಡನೇ ಭೇಟಿಯಲ್ಲಿ ನನ್ನಿಂದ ಒಂದು ತಪ್ಪಾಯಿತು. "ಬೇರೆ ದೇಶ ಯೋಚನೆ ಮಾಡಿದ್ದೀರಾ?" ಅಂತ ಕೇಳಿಬಿಟ್ಟೆ. ಅವರ ಮುಖ ಕಲ್ಲಾಯಿತು. ಹನ್ನೆರಡು ವರ್ಷ ಕಟ್ಟಿದ ಬದುಕನ್ನು ನಾನು ಒಂದು ವಾಕ್ಯದಲ್ಲಿ ಎತ್ತಿ ಪಕ್ಕಕ್ಕಿಟ್ಟಂತೆ ಅವರಿಗೆ ಅನ್ನಿಸಿತು. ಮಗ ಹುಟ್ಟಿದ್ದು ಅಲ್ಲಿ. ಅಪ್ಪ ತೀರಿಕೊಂಡ ಸುದ್ದಿ ಕೇಳಿದ್ದು ಅಲ್ಲಿನ ಬಸ್ ಸ್ಟಾಪಿನಲ್ಲಿ ನಿಂತು. ನಾನು ಕ್ಷಮೆ ಕೇಳಿದೆ. ದುಃಖವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲು ದಾರಿ ತೋರಿಸಲು ಹೋಗಬಾರದಿತ್ತು. ಇಂಥವರ ಮನೆಯವರಿಗೂ ಸ್ನೇಹಿತರಿಗೂ ನಾನು ಹೇಳುವುದು ಇದನ್ನೇ. "ಬಿಡು, ಊರಿಗೆ ಬಾ" ಅನ್ನುವುದು ಪ್ರೀತಿಯ ಮಾತೇ ಇರಬಹುದು. ಆ ಹೊತ್ತಿಗೆ ಅದು ಐದನೇ ರಿಜೆಕ್ಷನ್ ತರಹ ಕೇಳಿಸುತ್ತದೆ.

ಮೂರನೇ ಸಲ ರಘು ಒಂದು ಎಕ್ಸೆಲ್ ಶೀಟ್ ತೋರಿಸಿದರು. ಪಿಆರ್ ಸಿಕ್ಕ 23 ಜನ ಪರಿಚಯದವರ ಪಟ್ಟಿ. ವಯಸ್ಸು, ಸಂಬಳ, ಓದು, ಎಷ್ಟು ವರ್ಷಕ್ಕೆ ಸಿಕ್ಕಿತು, ಮಕ್ಕಳೆಷ್ಟು, ಯಾವುದಾದರೂ ಸಂಸ್ಥೆಗೆ ದಾನ ಕೊಟ್ಟಿದ್ದಾರಾ, ಎಲ್ಲಕ್ಕೂ ಒಂದೊಂದು ಕಾಲಂ. ಕೊನೆಯ ಕಾಲಂನ ತಲೆಬರಹ 'ಯಾಕೆ ಸಿಕ್ಕಿತು'. ಅದರಲ್ಲಿ ಎಲ್ಲ ಸಾಲಿನಲ್ಲೂ ಪ್ರಶ್ನೆ ಚಿಹ್ನೆ.

"ಇವರಲ್ಲಿ ಯಾರಿಗಾದರೂ ಗೊತ್ತಾ?" ಅಂತ ಕೇಳಿದೆ.

ಯಾರಿಗೂ ಗೊತ್ತಿರಲಿಲ್ಲ. ಐಸಿಎ, ಅಂದರೆ ಅಲ್ಲಿನ ವಲಸೆ ಇಲಾಖೆ, ಏನೇನು ಪರಿಗಣಿಸುತ್ತೇವೆ ಅಂತ ಹೇಳುತ್ತದೆ. ಸಿಂಗಾಪುರದವರ ಜೊತೆಗಿನ ಕುಟುಂಬದ ನಂಟು, ದುಡಿಮೆ, ಓದು, ವಯಸ್ಸು, ಕುಟುಂಬ, ಎಷ್ಟು ಕಾಲ ಅಲ್ಲಿದ್ದಾರೆ ಅನ್ನುವುದು. ಯಾವುದಕ್ಕೆ ಎಷ್ಟು ತೂಕ ಅಂತ ಹೇಳುವುದಿಲ್ಲ. ಸಿಕ್ಕವರಿಗೂ ಯಾಕೆ ಸಿಕ್ಕಿತೆಂದು ಗೊತ್ತಿಲ್ಲ, ಆದರೆ ಅವರು ಅದನ್ನು ತಮ್ಮ ಯೋಗ್ಯತೆ ಅಂದುಕೊಂಡು ನೆಮ್ಮದಿಯಾಗಿದ್ದಾರೆ. ಸಿಗದವರು ಅದನ್ನೇ ತಮ್ಮ ಕೊರತೆ ಅಂದುಕೊಂಡು ನಿದ್ದೆಗೆಡುತ್ತಾರೆ. ಇದನ್ನು ಹೇಳಿದಾಗ ರಘು ಆ ಶೀಟನ್ನು ಎಷ್ಟೋ ಹೊತ್ತು ನೋಡುತ್ತಾ ಕೂತರು.

ಅದರಲ್ಲಿ ಮೊದಲ ಹೆಸರು ಅವರ ದೂರದ ಸಂಬಂಧಿಯೊಬ್ಬರದು, ಇವರೆಲ್ಲ ಮಾವ ಅಂತ ಕರೆಯುತ್ತಾರೆ. ಸಿಕ್ಕಿದ್ದು 2008ರಲ್ಲಿ. ಹಬ್ಬಕ್ಕೆ ಸೇರಿದಾಗಲೆಲ್ಲ "ನಮಗೆ ಸುಮ್ನೆ ಎರಡೇ ತಿಂಗಳಲ್ಲಿ ಬಂತಪ್ಪ, ನೀನೇನೋ ಸರಿಯಾಗಿ ತುಂಬಿಲ್ಲ" ಅನ್ನುತ್ತಿದ್ದರಂತೆ. ಆ ವರ್ಷದ ಲೆಕ್ಕ ನೋಡೋಣ ಅಂದೆ. 2008ರಲ್ಲಿ ಸಿಂಗಾಪುರ ಪಿಆರ್ ಕೊಟ್ಟದ್ದು ಸುಮಾರು 79 ಸಾವಿರ ಜನರಿಗೆ. 2010ಕ್ಕೆ ಅದು 29 ಸಾವಿರಕ್ಕೆ ಇಳಿಯಿತು. ವಲಸೆ ಜಾಸ್ತಿಯಾಯಿತು ಅಂತ ಅಲ್ಲಿನ ಜನ ಸಿಟ್ಟಾಗಿದ್ದರು. ಪಿಆರ್ ಇರುವವರ ಒಟ್ಟು ಸಂಖ್ಯೆ ಐದರಿಂದ ಆರು ಲಕ್ಷದೊಳಗೇ ಇರಲಿ, ಅದಕ್ಕೆ ವರ್ಷಕ್ಕೆ ಸುಮಾರು 30 ಸಾವಿರ ಸಾಕು ಅಂತ ಸರ್ಕಾರ 2013ರ ಶ್ವೇತಪತ್ರದಲ್ಲೇ ಬರೆಯಿತು. ರಘು ಸಿಂಗಾಪುರಕ್ಕೆ ಕಾಲಿಟ್ಟದ್ದೂ ಅದೇ ವರ್ಷ. ಮಾವ ಒಳಗೆ ಹೋದ ಬಾಗಿಲೇ ಬೇರೆ, ರಘು ನಿಂತಿರುವ ಬಾಗಿಲೇ ಬೇರೆ.

ಇನ್ನೊಂದು ವಿಷಯವನ್ನು ಅವರು ಹೇಳಲು ಹಿಂಜರಿದರು. "ನಾವು ಇಂಡಿಯನ್ಸ್ ಅಂತಾನೇ ಕೊಡಲ್ಲ ಅಂತಾರೆ." ಇದಕ್ಕೆ ನಾನು ಹಾಗೇನಿಲ್ಲ ಅಂತ ತೇಲಿಸಿ ಉತ್ತರ ಕೊಡಲಿಲ್ಲ. ಅಲ್ಲಿ ಚೀನೀಯರು ಸುಮಾರು 74, ಮಲಯರು 13, ಭಾರತೀಯರು 9 ಶೇಕಡಾ ಇದ್ದಾರೆ. ಈ ಸಮತೋಲ ಹೆಚ್ಚು ಬದಲಾಗದಂತೆ ನೋಡಿಕೊಳ್ಳುತ್ತೇವೆ ಅಂತ ಅಲ್ಲಿನ ಸರ್ಕಾರ ಬಹಿರಂಗವಾಗಿಯೇ ಹೇಳಿದೆ. ರಘುವಿನ ಅರ್ಜಿಯಲ್ಲಿ ಅದರ ಪಾಲು ಎಷ್ಟೋ ನಮಗೆ ತಿಳಿಯುವಂತಿಲ್ಲ. ಸಿಟ್ಟು ಬಂದರೆ ಬರಲಿ, ಅದು ನ್ಯಾಯವಾದ ಸಿಟ್ಟು. ಆದರೆ ಒಂದು ದೇಶದ ಲೆಕ್ಕಾಚಾರಕ್ಕಾಗಿ ತಮ್ಮನ್ನು ತಾವು ಬೈದುಕೊಳ್ಳಬೇಕಿಲ್ಲ ಅಲ್ವಾ? ಆ ದಿನ ಅವರು ಮೊದಲ ಸಲ ಅತ್ತರು.

ನಾಲ್ಕನೇ ಭೇಟಿಗೆ ಸ್ಮಿತಾ ಬಂದರು. ಅಲ್ಲಿಯವರೆಗೆ ಇದು ರಘುವಿನ ಕಥೆ ಅಂದುಕೊಂಡಿದ್ದೆ.

ಸ್ಮಿತಾ ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದರು. ಡಿಪೆಂಡೆಂಟ್ಸ್ ಪಾಸ್ ಇರುವವರು ಬರೀ ಒಂದು ಒಪ್ಪಿಗೆ ಪತ್ರದ ಮೇಲೆ ಕೆಲಸ ಮಾಡಬಹುದಿತ್ತು. 2021ರ ಮೇ ತಿಂಗಳಿಂದ ಆ ನಿಯಮ ಬದಲಾಯಿತು. ಕೆಲಸ ಮಾಡುವುದಾದರೆ ಬೇರೆ ವರ್ಕ್ ಪಾಸೇ ಬೇಕು. ಅವರ ಶಿಶುವಿಹಾರಕ್ಕೆ ಅದನ್ನು ಮಾಡಿಸಲಾಗಲಿಲ್ಲ. "ಕೆಲಸ ಹೋಗಿದ್ದು ನಂದು ಮೇಡಂ. ಆದರೆ ಮನೆಯಲ್ಲಿ ನಾಲ್ಕು ವರ್ಷದಿಂದ ಮಾತು ಬರೀ ಇವರ ಪಿಆರ್‌ದು" ಅಂದರು. ರಘು ತಲೆ ತಗ್ಗಿಸಿದರು.

ಇನ್ನೊಂದು ಗಂಟು ಮಗನದು. ಅಪ್ಪ ಅಮ್ಮನ ಜೊತೆ ಪಿಆರ್ ಪಡೆದ ಗಂಡುಮಕ್ಕಳು 18ಕ್ಕೆ ಎರಡು ವರ್ಷ ನ್ಯಾಷನಲ್ ಸರ್ವಿಸ್ (ಎನ್‌ಎಸ್, ಕಡ್ಡಾಯ ಸೇನಾ ಸೇವೆ) ಮಾಡಲೇಬೇಕು. ಅದನ್ನು ಮಾಡದೆ ಪಿಆರ್ ಬಿಟ್ಟರೆ ಮುಂದೆ ಅಲ್ಲಿ ಓದಲು, ದುಡಿಯಲು ತೊಂದರೆಯಾಗುತ್ತದೆ. ಮೊದಲ ಮೂರು ಅರ್ಜಿಯಲ್ಲಿ ಮಗನ ಹೆಸರಿರಲಿಲ್ಲ. ಹಾಗೆ ಬಿಟ್ಟದ್ದಕ್ಕೇ ಸಿಗಲಿಲ್ಲ ಅಂತ ಯಾರೋ ಹೇಳಿದರು. ನಾಲ್ಕನೇ ಸಲ ಸೇರಿಸಿದರು. ಸ್ಮಿತಾ ಹೂಂ ಅಂದಿದ್ದರು.

"ಆ ಕಾಗದ ಬಂದ ದಿನ ಇವಳಿಗೆ ಓದಿ ಹೇಳಿದೆ" ಅಂದರು ರಘು. "ಇವಳು ಕುಕ್ಕರ್ ಮುಚ್ಚಳ ಹಾಕುತ್ತಿದ್ದಳು. ಒಂದು ಕ್ಷಣ ಮುಖ ಹಗುರಾಯ್ತು. ನಾನು ನೋಡಿದೆ."

ಸ್ಮಿತಾ ಇಲ್ಲ ಅನ್ನಲಿಲ್ಲ. "ಹೌದು. ಮಗ ಉಳಿದ ಅನ್ನಿಸಿತು. ಆಮೇಲೆ ನಿಮ್ಮ ಮುಖ ನೋಡಿ ಹೊಟ್ಟೆಯಲ್ಲಿ ಕಿವುಚಿದ ಹಾಗಾಯ್ತು."

ಮೂರು ತಿಂಗಳಿಂದ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಆ ಒಂದು ಕ್ಷಣವನ್ನು ಇಟ್ಟುಕೊಂಡು ಓಡಾಡಿದ್ದರು. ಅದು ಹೊರಗೆ ಬಂದದ್ದೇ ದೊಡ್ಡ ಕೆಲಸ. ಉಳಿದದ್ದು ಹಾಗೇ ಸಡಿಲವಾಗುತ್ತಾ ಬಂತು.

ಇಬ್ಬರಿಗೂ ಒಂದು ಕೆಲಸ ಕೊಟ್ಟೆ. 'ಪಿಆರ್ ಬಂದ ಮೇಲೆ' ಅಂತ ಮುಂದಕ್ಕೆ ಹಾಕಿದ್ದನ್ನೆಲ್ಲ ಬೇರೆ ಬೇರೆ ಕೂತು ಬರೆಯಿರಿ, ಒಬ್ಬರದು ಒಬ್ಬರು ನೋಡಬೇಡಿ. ಆಮೇಲೆ ಒಟ್ಟಿಗೆ ಓದಿದೆವು. ನಿಜವಾಗಿ ಪಿಆರ್ ಬೇಕಾದವು ಕೆಲವೇ ಇದ್ದವು. ಸೆಕೆಂಡ್‌ಹ್ಯಾಂಡ್ ಎಚ್‌ಡಿಬಿ ಮನೆ ಕೊಳ್ಳುವುದು, ಅದೂ ಪಿಆರ್ ಆಗಿ ಮೂರು ವರ್ಷದ ಮೇಲೆ. ಸಿಪಿಎಫ್, ಅಂದರೆ ಅಲ್ಲಿನ ಭವಿಷ್ಯನಿಧಿ. ಸ್ಮಿತಾಗೆ ಯಾವ ಪಾಸೂ ಇಲ್ಲದೆ ಕೆಲಸ. ಬಾಕಿಯವು ಸೋಫಾ, ಮಗನಿಗೆ ಮೃದಂಗದ ಪಾಠ, ಸ್ಮಿತಾ ಅರ್ಧಕ್ಕೆ ಬಿಟ್ಟ ಡಿಪ್ಲೊಮಾ. ರಘುವಿನ ಪಟ್ಟಿಯ ಕೊನೆಯಲ್ಲಿ, 'ಅಪ್ಪನ ವರ್ಷಾಂತಿಕಕ್ಕೆ ಊರಿಗೆ ಹೋಗುವುದು'. 2023ರಲ್ಲಿ ಮೂರನೇ ಅರ್ಜಿ ಬಾಕಿ ಇತ್ತು, ದೇಶ ಬಿಟ್ಟರೆ ಏನಾದರೂ ಆದೀತು ಅಂತ ಹೋಗಲಿಲ್ಲ. ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ. ಅಮ್ಮ ಫೋನಿನಲ್ಲಿ "ನಿನ್ನ ಕಾರ್ಡು ಆಗಲಿ ಬಿಡಪ್ಪಾ" ಅಂದಿದ್ದರಂತೆ.

ಕಾಯುವುದು ಯಾವಾಗ ರೋಗವಾಗುತ್ತದೆ ಅಂತ ಕೇಳಿದರೆ ನಾನು ಆ ಪಟ್ಟಿಯನ್ನೇ ತೋರಿಸುತ್ತೇನೆ.

ದಿನನಿತ್ಯಕ್ಕೆ ಕೊಟ್ಟ ಸಲಹೆಗಳು ಸರಳವಾಗಿದ್ದವು. ಯಾರಿಗೆ ಸಿಕ್ಕಿತು, ಯಾರಿಗಿಲ್ಲ ಅನ್ನುವ ವಾಟ್ಸಾಪ್ ಗುಂಪು ಬಿಡುವುದು. ಮತ್ತೆ ಅರ್ಜಿ ಹಾಕಿದರೆ ಸ್ಟೇಟಸ್ ನೋಡುವುದು ವಾರಕ್ಕೊಂದು ಸಲ, ಶನಿವಾರ ಬೆಳಿಗ್ಗೆ, ಸ್ಮಿತಾ ಪಕ್ಕದಲ್ಲಿದ್ದಾಗ. ಮುಂಚೆ ಕಾರ್ಖಾನೆಯ ಲಾಕರ್ ರೂಮಿನಲ್ಲೂ ನೋಡುತ್ತಿದ್ದರು. "ಪಿಆರ್ ಆಯ್ತಾ?" ಅಂತ ಕೇಳುವವರಿಗೆ ಒಂದೇ ಉತ್ತರ ಇಟ್ಟುಕೊಳ್ಳುವುದು: "ಆಗಿಲ್ಲ. ಆದಾಗ ನಾನೇ ಹೇಳ್ತೀನಿ." ನನ್ನೆದುರು ಹತ್ತು ಸಲ ಹೇಳಿಸಿದೆ. ಮೊದಲ ಸಲ ಗಂಟಲು ಕಟ್ಟಿತು, ಹತ್ತನೇ ಸಲ ಮಾವನಿಗೆ ಹೇಳುವ ಧಾಟಿ ಬಂತು.

ಮೂರನೇ ಅರ್ಜಿಗೆ ಅವರು ಒಬ್ಬ ಏಜೆಂಟ್‌ಗೆ ಸಾವಿರಗಟ್ಟಲೆ ಡಾಲರ್ ಕೊಟ್ಟಿದ್ದರು. ಏಜೆಂಟರ ಮೂಲಕ ಬಂದ ಅರ್ಜಿಗೆ ವಿಶೇಷ ಆದ್ಯತೆ ಇಲ್ಲ ಅಂತ ಐಸಿಎ ಹೇಳಿದೆ. ನೊಂದವರ ಕೈಯಲ್ಲಿ ಆಸೆ ಮಾರುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಅರ್ಜಿ ಚೆನ್ನಾಗಿ ತೋರಲಿ ಅಂತ ಸುಳ್ಳು ಸೇರಿಸಲು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಅಪರಾಧ, ಇರುವ ಪಾಸೂ ಹೋಗುತ್ತದೆ.

ಭಯದ ಬಗ್ಗೆಯೂ ಮಾತಾಡಿದೆವು. ಕೆಲಸ ಹೋಗಿ ಪಾಸ್ ರದ್ದಾದರೆ ಸಾಮಾನ್ಯವಾಗಿ ಸಿಗುವುದು 30 ದಿನ. ಬೆಳಗಿನ ಜಾವ ಮೂರಕ್ಕೆ ಎಬ್ಬಿಸುತ್ತಿದ್ದದ್ದು ಆ 30 ದಿನವೇ. ಧೈರ್ಯವಾಗಿರಿ ಅಂದರೆ ಅದು ಹೋಗುವುದಿಲ್ಲ, ಕಾಗದದ ಮೇಲೆ ಇಳಿಸಬೇಕು. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ. ಮಗನ ಶಾಲೆಯ ದಾಖಲೆಗಳು ಒಂದು ಫೈಲಿನಲ್ಲಿ. ಹಾಸನವೋ ಬೆಂಗಳೂರೋ ಅನ್ನುವುದಕ್ಕೆ ಇಬ್ಬರೂ ಒಪ್ಪಿದ ಒಂದು ಉತ್ತರ. ಇಪಿ ಮೇಲಿರುವವರಿಗೆ ಸಿಪಿಎಫ್ ಇಲ್ಲ, ಹಾಗಾಗಿ ನಿವೃತ್ತಿಯ ಉಳಿತಾಯಕ್ಕೆ ಹಣಕಾಸು ಬಲ್ಲವರನ್ನು ಕಾಣಿ ಅಂದೆ. ಆ ಫೈಲ್ ಮುಗಿದ ವಾರ ಎರಡು ರಾತ್ರಿ ಪೂರ್ತಿ ನಿದ್ದೆ ಬಂತು ಅಂದರು.

ಐದನೇ ಅರ್ಜಿ ಹಾಕಬೇಕಾ ಬೇಡವಾ ಅನ್ನುವುದು ನನ್ನ ತೀರ್ಮಾನ ಅಲ್ಲ. ಎರಡೇ ಪ್ರಶ್ನೆ ಕೊಟ್ಟೆ. ಹೋದ ಸಲಕ್ಕಿಂತ ಈಗ ಬದಲಾದದ್ದೇನು? ಮತ್ತೆ ಕಾಗದ ಬಂದರೆ ಆ ಸಂಜೆ ನೀವು ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರ ಇಲ್ಲದೆ ಅರ್ಜಿ ಹಾಕಬೇಡಿ ಅಂದೆ. ಮಗನ ಹೆಸರಿನ ವಿಷಯಕ್ಕೆ ಹುಡುಗನನ್ನೂ ಕೂರಿಸಿಕೊಳ್ಳಿ ಅಂದೆ. ಅವನಿಗೆ ಹನ್ನೊಂದು ವರ್ಷ. ಅವನ ಕ್ಲಾಸಿನ ಹುಡುಗರೆಲ್ಲ ಎನ್‌ಎಸ್‌ಗೆ ಹೋಗುವವರೇ. ಅವನಿಗೂ ಏನೋ ಅನ್ನಿಸಿರಬೇಕು, ಇದುವರೆಗೆ ಯಾರೂ ಕೇಳಿಲ್ಲ.

ಎಂಟನೇ ಭೇಟಿಯ ದಿನ ರಘು ಹಾಸನದಿಂದ ಮಾತಾಡಿದರು. ಅಪ್ಪನ ಶ್ರಾದ್ಧಕ್ಕೆ ಮೂರು ವಾರ ರಜೆ ಹಾಕಿ ಬಂದಿದ್ದರು. ಈ ಸಲ ಹಿಂದೆ ಕಾಣುತ್ತಿದ್ದದ್ದು ಹಜಾರದ ಗೋಡೆ, ಅಪ್ಪನ ಫೋಟೋ, ಅದಕ್ಕೆ ಹಾಕಿದ ಸೇವಂತಿಗೆ ಹಾರ. ಅಮ್ಮ ಬಾಗಿಲ ಹತ್ತಿರ ಬಂದು "ಯಾರಪ್ಪಾ ಅದು, ಊಟ ಮಾಡ್ಕೊಂಡು ಮಾತಾಡು" ಅಂದರು. ಸ್ಮಿತಾ ಸಿಂಗಾಪುರದಲ್ಲೇ ಇದ್ದಾರೆ, ಡಿಪ್ಲೊಮಾದ ಮೊದಲ ಪರೀಕ್ಷೆ ಇತ್ತು. ಅರ್ಜಿಯ ಬಗ್ಗೆ ಇನ್ನೂ ಏನೂ ತೀರ್ಮಾನಿಸಿಲ್ಲ ಅಂದರು. ಬೆಳಗಿನ ಜಾವದ ಎಚ್ಚರ ಇನ್ನೂ ವಾರಕ್ಕೊಮ್ಮೆ ಆಗುತ್ತದೆ. ವೈದ್ಯರು ಕೊಟ್ಟ ಮಾತ್ರೆ ನಡೆಯುತ್ತಿದೆ, ನನ್ನನ್ನೂ ಅವರನ್ನೂ ಕೇಳದೆ ನಿಲ್ಲಿಸಬೇಡಿ ಅಂತ ಮತ್ತೊಮ್ಮೆ ಹೇಳಿದೆ. ಮುಂದಿನ ಭೇಟಿ ಅವರು ವಾಪಸ್ ಹೋದ ಮೇಲೆ, ಮೂವರೂ ಒಟ್ಟಿಗೆ. ಮನೆಯೊಳಗೇ ಕೂತು ಮಾತಾಡೋಣ ಅಂತ ರಘು ಅವರಾಗಿಯೇ ಹೇಳಿದರು.