ಪಿಯಾನೋ ಮಧ್ಯೆ ಮಧ್ಯೆ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ಮೇಷ್ಟ್ರೇ, ಜರ್ಮನಿಯಲ್ಲಿ ಓದುತ್ತಿರುವ ನನ್ನ ಮಗ ವಾಟ್ಸಾಪಿನಲ್ಲಿ ಒಂದು ಪಿಯಾನೋ ಕೃತಿ ಕಳಿಸಿದ. ಲಿಸ್ಟ್ ಎಂಬುವರ ‘ಲ ಮಾಲ್ ದ್ಯು ಪೇಯಿ’. ಊರಿನ ಹಂಬಲದ ಕೃತಿಯಂತೆ. ಒಂದಿಷ್ಟು ನುಡಿಸಿ ಸುಮ್ಮನಾಗುತ್ತದೆ, ಮತ್ತೆ ಶುರುವಾಗುತ್ತದೆ. ನೆಟ್‌ವರ್ಕ್ ತೊಂದರೆಯೋ, ಕೃತಿಯೇ ಹೀಗೋ?
- ಓದುಗರೊಬ್ಬರು, ಸಕಲೇಶಪುರ

ಉತ್ತರ: ಈ ಒಂದು ಸಲ ಸಕಲೇಶಪುರದ ನೆಟ್‌ವರ್ಕನ್ನು ಬೈಯಬೇಡಿ. ಕೃತಿಯೇ ಹಾಗಿದೆ.

ಚಿಕ್ಕಮಗಳೂರಿನಲ್ಲಿ ಕೂತು ಕರ್ನಾಟಕ ಸಂಗೀತದ ಸರಳೆ, ಜಂಟಿ ಹೇಳಿಕೊಡುವ ನನಗೆ ಪಿಯಾನೋ ನುಡಿಸಲು ಬಾರದು. ಆದರೆ ಈ ಕೃತಿಯನ್ನು ಕೇಳಿದ್ದೇನೆ. ಶುರುವಿನಲ್ಲಿ ಬರೀ ಒಂಟಿ ಸ್ವರಗಳು. ತಂಬೂರಿಗೆ ಒಗ್ಗಿದ ನಮ್ಮ ಕಿವಿಗೆ ಅಲ್ಲೇ ಕಸಿವಿಸಿ ಆಗುತ್ತದೆ, ಕೆಳಗೆ ಆಸರೆಯೇ ಇಲ್ಲವಲ್ಲ! ಆಮೇಲೆ ಮೌನ. ಇದರ ಹಿಂದಿರುವುದು ‘ರಾನ್ ದೆ ವಾಶ್’, ಆಲ್ಪ್ಸ್ ಬೆಟ್ಟದ ದನಗಾಹಿಗಳು ಹಸು ಕರೆಯುವ ರಾಗ. ಕೂಗಿದ ಮೇಲೆ ಕಾಯಬೇಕು ಅಲ್ವಾ? ನಿಮ್ಮ ಕಡೆ ಸಂಜೆ ಗುಡ್ಡದ ದನ ಕರೆಯುವವರೂ ಕೂಗಿ, ಕಿವಿಗೊಟ್ಟು, ಮತ್ತೆ ಕೂಗುತ್ತಾರೆ. ಈ ಮೌನಗಳನ್ನು ನಾನು ಹಾಗೇ ಕೇಳುತ್ತೇನೆ.

ಆ ರಾಗದ ಬಗ್ಗೆ ದೊಡ್ಡ ಕತೆಯೇ ಇದೆ. ಪರದೇಶದಲ್ಲಿ ಕೂಲಿಗೆ ಕಾದಾಡುತ್ತಿದ್ದ ಸ್ವಿಸ್ ಸೈನಿಕರು ಅದನ್ನು ಕೇಳಿದರೆ ಅಳುತ್ತಿದ್ದರು, ಓಡಿಹೋಗುತ್ತಿದ್ದರು, ಅದಕ್ಕೇ ಅದನ್ನು ನುಡಿಸಿದರೆ ಮರಣದಂಡನೆ ಎಂದು ತತ್ವಜ್ಞಾನಿ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಆದರೆ ಊರಿನ ಹಂಬಲವನ್ನು ಆಗ ಕಾಯಿಲೆ ಎಂದೇ ಎಣಿಸುತ್ತಿದ್ದರು. 1688ರಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಅದರ ಮೇಲೆ ವೈದ್ಯಕೀಯ ಪ್ರಬಂಧ ಬರೆದಿದ್ದ.

ನನಗೆ ಮಜಾ ಅನ್ನಿಸುವುದು ಬೇರೆ. ಲಿಸ್ಟ್ ಸ್ವಿಸ್ ಅಲ್ಲವೇ ಅಲ್ಲ! ಹುಟ್ಟಿದ್ದು 1811ರಲ್ಲಿ, ಆಗಿನ ಹಂಗೇರಿಯಲ್ಲಿ. 1835ರಲ್ಲಿ ಪ್ರೇಯಸಿ ಮಾರಿ ದಗು ಜೊತೆ ಪ್ಯಾರಿಸ್ ಬಿಟ್ಟು ಜಿನೀವಾಕ್ಕೆ ಬಂದು ನೆಲೆಸಿದ. ಬೆಟ್ಟ ಅವನದಲ್ಲ, ಹಸು ಅವನದಲ್ಲ. ಬೇರೆಯವರ ಹಂಬಲವನ್ನು ಇಷ್ಟು ಚೆನ್ನಾಗಿ ಹಿಡಿದಿದ್ದಾನೆ. ‘ತೀರ್ಥಯಾತ್ರೆಯ ವರ್ಷಗಳು’ ಎಂಬ ಮಾಲೆಯ ಸ್ವಿಸ್ ಭಾಗದಲ್ಲಿ ಇದು ಎಂಟನೆಯದು. ಅಚ್ಚಾಗಿದ್ದು 1855ರಲ್ಲಿ.

ಅಡುಗೆ ಮಾಡುತ್ತಾ ಕೇಳಬೇಡಿ, ಕುಕ್ಕರ್ ಕೂಗಿಗೆ ಆ ಮೌನಗಳೆಲ್ಲ ಹೋಗಿಬಿಡುತ್ತವೆ. ಲಾಜರ್ ಬೆರ್ಮನ್ ನುಡಿಸಿದ್ದು ಸಿಕ್ಕರೆ ಅದನ್ನೇ ಹಾಕಿ, ಆತ ಅವಸರ ಮಾಡುವುದಿಲ್ಲ. ಇದು ಮುಗಿದ ಮೇಲೆ ಬರುವ ‘ಜಿನೀವಾದ ಗಂಟೆಗಳು’ ಕೃತಿಯನ್ನೂ ಬಿಡಬೇಡಿ. ಅದನ್ನು ಲಿಸ್ಟ್ ಮೊದಲು ಬರೆದಾಗ ಜಿನೀವಾದಲ್ಲೇ ಹುಟ್ಟಿದ ಮಗಳು ಬ್ಲಾಂಡಿನ್‌ಗೆ ಅರ್ಪಿಸಿದ್ದ. ಎರಡೂ ಕೇಳಿ, ಹೇಗನ್ನಿಸಿತು ಎಂದು ಬರೆಯಿರಿ. ನನಗಲ್ಲ, ಮಗನಿಗೆ.