ಮಲಯಾಳಂ ನಟ ನಸ್ಲೆನ್ ಹಳೆಯ ಸಿನಿಮಾಗಳಲ್ಲಿ ಸಿಗುತ್ತಿಲ್ಲ ಅಂದಿದ್ದಕ್ಕೆ

ನೀವು ಹೀರೋ ಜಾಗದಲ್ಲಿ ಹುಡುಕಿದ್ದೇ ತೊಂದರೆ ಅನ್ನಿಸುತ್ತದೆ. ಅವನು ಹೀರೋ ಆಗಿದ್ದ ‘ಪ್ರೇಮಲು’ (2024) ಮೆಚ್ಚಿ 2019ರ ‘ತಣ್ಣೀರ್ ಮತ್ತನ್ ದಿನಂಗಳ್’ ಹಾಕಿದ್ರಿ, ಅರ್ಧ ಗಂಟೆ ಆದ್ರೂ ನಸ್ಲೆನ್ ಎಲ್ಲಿ ಅಂತ ಕೇಳಿದ್ರಿ. ಅದರಲ್ಲಿ ಹೀರೋ ಮ್ಯಾಥ್ಯೂ ಥಾಮಸ್. ನಸ್ಲೆನ್ ಅವನ ಗೆಳೆಯ ಮೆಲ್ವಿನ್. ನಾನೂ ಮೊದಲ ಸಲ ಹೀಗೇ ಮೋಸ ಹೋಗಿದ್ದೆ.

ಮೊದಲು ಅದನ್ನೇ ಮತ್ತೆ ಹಾಕಿ, ಕ್ಲಾಸಿನ ಹುಡುಗರ ಗುಂಪನ್ನು ಮಾತ್ರ ನೋಡಿ. ನಿರ್ದೇಶಕ ಗಿರೀಶ್ ಎ.ಡಿ. ‘ಪ್ರೇಮಲು’ ಮಾಡಿದವರೂ ಅವರೇ, ಹಾಗಾಗಿ ಆ ಪೆದ್ದು ಮುಖದ ತಮಾಷೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಆಮೇಲೆ 2021ರ ‘ಹೋಮ್’. ಅಪ್ಪನ ಪಾತ್ರದಲ್ಲಿ ನಟ ಇಂದ್ರನ್ಸ್, ಅವರ ಕಿರಿಯ ಮಗ ಚಾರ್ಲ್ಸ್ ಆಗಿ ನಸ್ಲೆನ್. ಅದೇ ವರ್ಷದ ‘ಕುರುತಿ’ ಮಾತ್ರ ಬಿಡಬೇಡಿ. ಅಲ್ಲಿ ನಗುವೇ ಇಲ್ಲ. ಒಂದು ಮನೆ, ಒಂದು ರಾತ್ರಿ, ಮನಸ್ಸಿನ ತುಂಬ ದ್ವೇಷ ತುಂಬಿಕೊಂಡ, ಹೀರೋನ ತಮ್ಮ ರಸೂಲ್ ಆಗಿ ನಸ್ಲೆನ್. ತಮಾಷೆ ಹುಡುಗ ಅಷ್ಟೇ ಅಂದುಕೊಂಡವರಿಗೆ ಇದು ಶಾಕ್. ನನ್ನ ಪ್ರಕಾರ ಅವನ ಶುರುವಿನ ದಿನಗಳ ಒಳ್ಳೆಯ ಕೆಲಸ ಇದೇ. ನಿಮಗೆ ಹಿಡಿಸುತ್ತೋ ಇಲ್ವೋ ಹೇಳೋಕಾಗಲ್ಲ, ರಕ್ತಪಾತ ಜಾಸ್ತಿ. ‘ಹೋಮ್’, ‘ಕುರುತಿ’ ಎರಡೂ ನೇರವಾಗಿ ಪ್ರೈಮ್ ವಿಡಿಯೋದಲ್ಲೇ ಬಂದವು, ಅಲ್ಲೇ ಮೊದಲು ಹುಡುಕಿ.

‘ಸೂಪರ್ ಶರಣ್ಯ’ (2022) ಕೊನೆಗಿರಲಿ, ಅದರಲ್ಲಿ ಪಾತ್ರ ಚಿಕ್ಕದು. ಇಷ್ಟಾದ ಮೇಲೆ 2025ರ ‘ಲೋಕಾ’ ಹಾಕಿ. ಕಥೆ ನಮ್ಮ ಬೆಂಗಳೂರಲ್ಲೇ ನಡೆಯುತ್ತದೆ.